ಎರಡು ಶ್ರಾವಣ, ಒಂದು ಬಿಲ್ವದೆಲೆ

ಜಂಗಮವಾಡಿ, ಕಾಶಿ
೧೯ ಆಗಸ್ಟ್ ೧೯೭೪

ಪ್ರೀತಿಯ ಅಕ್ಕ ಜಗದಾಂಬಳಿಗೆ,

ನಿನ್ನ ತಮ್ಮ ಶಿವೂನ ನಮಸ್ಕಾರಗಳು. ಅಪ್ಪನ ಮೊಣಕಾಲು ನೋವು ಮಳೆಯ ಜೊತೆ ಬಂದಿದೆ, ಮಳೆಯ ಜೊತೆಗೇ ಹೋಗುತ್ತದೆ ಎಂದು ಅವರೇ ಹೇಳುತ್ತಾರೆ. ಅವ್ವ ಎದ್ದು ಓಡಾಡಿಕೊಂಡಿದ್ದಾಳೆ. ಗದಗಿನಲ್ಲಿ ನೀನು ಹೇಗಿದ್ದೀ ಎಂದು ಕೇಳುವ ಮುಖ ನನಗಿಲ್ಲ. ಆಷಾಢದಲ್ಲಿ ಬಂದ ಭಾವನವರ ಕಾಗದಕ್ಕೆ ಶ್ರಾವಣ ಮುಗಿದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬರೆಯಲು ಕೂತಾಗಲೆಲ್ಲ ಮೊದಲ ಸಾಲಿನಲ್ಲೇ ಪೆನ್ನು ನಿಲ್ಲುತ್ತಿತ್ತು. ಕಂಡಕಂಡವರಿಗೆಲ್ಲ ಭಾಷಣ ಮಾಡುವ ನನಗೆ ನಿನಗೊಂದು ಸಾಲು ಬರೆಯಲು ಬರಲಿಲ್ಲ. ಬೈಯಬೇಡ. ಮೊದಲು ಕಾಡಿನ ಸುದ್ದಿ ಬರೆಯುತ್ತೇನೆ. ಅದು ನನಗೆ ಸುಲಭ.

ನನ್ನ ಕೆಲಸ ಏನೆಂದು ನೀನು ಕೇಳುತ್ತಲೇ ಇದ್ದೆ. ಚಕಿಯಾದ ಕಾಡಿನಲ್ಲಿ ಎಲ್ಲಿ ಯಾವ ಮರ ಇದೆ, ಯಾವುದು ಚಿಗುರುತ್ತಿದೆ, ಯಾವುದು ಸೊರಗುತ್ತಿದೆ ಎಂದು ನೋಡಿ, ಮುಂದಿನ ವರ್ಷಗಳಲ್ಲಿ ಯಾವ ತುಂಡಿನಿಂದ ಏನು ತೆಗೆಯಬಹುದು, ಯಾವುದಕ್ಕೆ ವಿಶ್ರಾಂತಿ ಕೊಡಬೇಕು ಎಂದು ಅರಣ್ಯ ಇಲಾಖೆಗೆ ಹೇಳುವುದು. ವಾರವೆಲ್ಲ ಕಾಡು, ಭಾನುವಾರ ಮನೆ. ಅಲ್ಲಿ ಒಂದು ಬಿಲ್ವದ ತೋಪು ಇದೆ. ಕಾಶಿಗೆ ಬರುವ ಪತ್ರೆಯಲ್ಲಿ ಒಂದು ಪಾಲು ಅಲ್ಲಿಯದು. ಕೋಲ್ ಬುಡಕಟ್ಟಿನ ಹೆಂಗಸರು ಬುಟ್ಟಿ ತುಂಬಿ, ಮೊದಲ ಬಸ್ಸು ಹಿಡಿದು ಗೋದೌಲಿಯಾ ಪೇಟೆಗೆ ತರುತ್ತಾರೆ. ಸಾವನ್ ತಿಂಗಳಲ್ಲಿ, ಅಂದರೆ ಇಲ್ಲಿಯವರ ಶ್ರಾವಣದಲ್ಲಿ, ಎಷ್ಟು ತಂದರೂ ಸಾಲದು. ಎಲೆ ಕೀಳಲು ಹೊತ್ತಿಲ್ಲದೆ ಕೊಂಬೆಯನ್ನೇ ಕಡಿಯುತ್ತಾರೆ. ಹೀಗೇ ಆಗಿ ಮರಗಳು ಬರೀ ಮುಳ್ಳು ಮೊಂಡುಗಳಾಗಿವೆ.

ನಮ್ಮ ರೇಂಜ್ ಆಫೀಸರ್ ರಘುನಾಥ ಸಾಹೇಬರು ತೋಪಿಗೆ ಮುಳ್ಳುತಂತಿ ಹಾಕಿ ಹೆಂಗಸರನ್ನು ಹೊರಗಿಡೋಣ ಎಂದರು. ನನಗೆ ಮೈ ಉರಿಯಿತು. ಇಲ್ಲಿಯ ಲಂಕಾ ಬೀದಿಯ ಪುಸ್ತಕದ ಅಂಗಡಿಗಳಿಂದ ತಂದ ಕಿರುಹೊತ್ತಿಗೆಗಳಲ್ಲಿ ಓದಿದ್ದನ್ನೆಲ್ಲ ಅವರ ಮೇಜಿನ ಮುಂದೆ ಸುರಿದೆ. ಹಿಮಾಲಯದಲ್ಲಿ ಹೆಂಗಸರೇ ಮರ ತಬ್ಬಿ ನಿಂತು ಉಳಿಸಿದ್ದಾರೆ, ಕಾಡಿನ ಅನ್ನ ಉಣ್ಣುವವರೇ ಕಾಡನ್ನು ಕಾಯಬೇಕು, ತಂತಿ ಹಾಕುವುದು ಕಾಡಿಗೆ ಜೈಲು ಕಟ್ಟಿದ ಹಾಗೆ, ಎಂದೆಲ್ಲ. ಅವರು ಪಾನ್ ಅಗಿಯುತ್ತ ಕೇಳಿ, "ಶಾಸ್ತ್ರೀಜಿ, ಭಾಷಣ ಮುಗೀತಾ? ಹಾಗಾದರೆ ಈ ಒಂದು ಸಾವನ್ ನಿಮ್ಮದು" ಎಂದರು. ಷರತ್ತು ನಾನೇ ಹೇಳಿದೆ. ಹೆಂಗಸರು ಕೈಯಿಂದ ಎಲೆ ಬಿಡಿಸಬೇಕು, ಕೊಂಬೆ ಕಡಿಯಕೂಡದು. ರಾಖಿ ಹುಣ್ಣಿಮೆ ಆದ ಮೇಲೆ ಚಳಿಗಾಲದವರೆಗೆ ತೋಪನ್ನು ಯಾರೂ ಮುಟ್ಟಕೂಡದು. ಹೊಸ ಚಿಗುರು ಬಲಿಯಬೇಕು. ರಾಖಿ ಕಳೆದು ಒಂದು ಕೊಂಬೆ ಬಿದ್ದರೂ ತಂತಿ ಬರುತ್ತದೆ, ಆ ಮನೆಗಳ ಒಲೆ ಆರುತ್ತದೆ.

ಹೆಂಗಸರ ಮುಂದಾಳು ತಾರಾದೇವಿ ಎಂಬವಳು. ನನ್ನ ಮಾತು ಕೇಳಿ ನಕ್ಕಳು: "ಕಾ ಬಬುವಾ, ಮುಳ್ಳಿನ ಮರದಲ್ಲಿ ಒಂದೊಂದೇ ಎಲೆ ಬಿಡಿಸಬೇಕಾ? ನಿನ್ನ ಮೆಹರಾರೂ ಬರಲಿ, ಅವಳ ಕೈಲಿ ಮಾಡಿಸು." ಮದುವೆ ಆಗಿಲ್ಲ ಎಂದೆ. "ಮತ್ತೆ ಹೀಗೆ ಮಾತಾಡಿದರೆ ಆದೀತಾ?" ಎಂದಳು. ಆದರೆ ಒಪ್ಪಿದಳು. ಅಕ್ಕಾ, ಸಾವನ್ ಪೂರ್ತಿ ಆ ಹೆಂಗಸರು ಕೈ ಗೀರಿಸಿಕೊಂಡು ಎಲೆ ಬಿಡಿಸಿದರು. ಒಂದು ಕೊಂಬೆಯೂ ಬೀಳಲಿಲ್ಲ. ರಾಖಿಯ ದಿನ ನಾನು ಕಾಡು ಗೆದ್ದವನ ಹಾಗೆ ಮನೆಗೆ ಬಂದೆ.

ಮಂಗಳವಾರ ತೋಪಿಗೆ ಹೋದರೆ ಮೂಲೆಯ ಮರಗಳೆಲ್ಲ ಬೋಳು. ಹಸಿ ಕಡಿತ, ಇನ್ನೂ ಅಂಟು ಒಸರುತ್ತಿತ್ತು. ತಾರಾದೇವಿಯ ಮೇಲೆ ಕೂಗಾಡಿದೆ. ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು. "ನಿನ್ನ ಗಲ್ಲಿಯವರೇ ಹೇಳಿ ಕಳಿಸಿದರು. ನಿನ್ನ ಬಾಪೂನೇ ಹೇಳಿದರು, ನಮಗೆ ಇನ್ನೂ ಎರಡು ಸೋಮವಾರ ಇದೆ, ಪತ್ರೆ ತಾ ಅಂತ. ನೀನು ಅವರ ಮಗ. ನೀನೇ ಹೇಳಿದ್ದು ಅಂದುಕೊಂಡೆವು. ಒಂದೇ ದಿನದಲ್ಲಿ ಅಷ್ಟು ಎಲೆ ಕೈಯಿಂದ ಬಿಡಿಸಲಿಕ್ಕೆ ಆಗುತ್ತಾ? ನಿಮ್ಮ ಶಿವನಿಗೆ ಎರಡು ಸಾವನ್ ಇದೆ ಅಂತ ಮೊದಲೇ ಹೇಳಬೇಕಿತ್ತು."

ನಿನಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿಯವರ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮದು ಅಮಾವಾಸ್ಯೆಗೆ. ರಾಖಿಗೆ ಅವರ ಸಾವನ್ ತೀರಿದರೂ ನಮ್ಮ ಶ್ರಾವಣ ಇನ್ನೂ ಅರ್ಧ ಉಳಿದಿರುತ್ತದೆ. ಚಿಕ್ಕವರಿದ್ದಾಗ ಗಲ್ಲಿಯ ಹುಡುಗರ ಮುಂದೆ ನಾವಿಬ್ಬರೂ ಎರಡು ಶ್ರಾವಣದ ಸಿಹಿ ತಿಂದು ಮೆರೆದವರು. ಇಡೀ ಕಾಡಿಗೆ ಕಟ್ಟಳೆ ಬರೆದ ನಾನು ಸ್ವಂತ ಮನೆಯ ತಿಂಗಳನ್ನೇ ಮರೆತಿದ್ದೆ. ಅಷ್ಟರಮಟ್ಟಿಗೆ ಬನಾರಸಿಯಾಗಿದ್ದೇನೆ.

ಮುಚ್ಚಿಟ್ಟರೆ ಶಿಕ್ಷೆ ಹೆಂಗಸರಿಗೆ. ರಘುನಾಥ ಸಾಹೇಬರ ಬಳಿ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ನಕ್ಕು ಕೆಮ್ಮಿ, "ಹಾಗಾದರೆ ತಂತಿ ಎಲ್ಲಿ ಹಾಕಲಿ? ನಿಮ್ಮ ಮನೆಯ ಪಂಚಾಂಗಕ್ಕಾ?" ಎಂದರು. ಆಮೇಲೆ ನಗು ಬಿಟ್ಟರು. "ಇನ್ನೊಂದು ಸೋಮವಾರ ಇದೆಯಲ್ಲ. ಅವತ್ತು ನಿಮ್ಮ ಗಲ್ಲಿಗೆ ಆ ತೋಪಿನ ಒಂದು ಎಲೆಯೂ ಹೋಗಬಾರದು. ಮೊದಲು ನಿಮ್ಮವರನ್ನು ಒಪ್ಪಿಸಿ. ಆಗದಿದ್ದರೆ ಕಾಡಿನವರಿಗೆ ಪಾಠ ಹೇಳಬೇಡಿ."

ಅವತ್ತೇ ಮನೆಗೆ ಬಂದೆ. ಅಪ್ಪ ಪೂಜೆ ಮುಗಿಸಿ ಕೂತಿದ್ದರು. ಕರ್ನಾಟಕದಿಂದ ಬಂದ ಯಾತ್ರಿಕರು ಮನೆ ತುಂಬ. ಬರುವ ಸೋಮವಾರ ಹೊಸ ಪತ್ರೆ ಬೇಡ, ಈ ವಾರದ್ದನ್ನೇ ತೊಳೆದು ಏರಿಸಿ, ಬಿಲ್ವಕ್ಕೆ ನಿರ್ಮಾಲ್ಯದ ದೋಷವಿಲ್ಲ ಎಂದು ನೀವೇ ಕಲಿಸಿದ್ದೀರಿ ಎಂದೆ. ಅಪ್ಪ ಸಿಟ್ಟಾದರು.

"ಶಾಸ್ತ್ರ ನನಗ ಹೇಳಬ್ಯಾಡ. ಎರಡು ದಿನ ರೈಲಿನ್ಯಾಗ ಕುಂತು ಬಂದವರ ಕೈಯಾಗ ಬಾಡಿದ ಎಲಿ ಕೊಡ್ಲೇನು? ಏನಂದಾರು ಅವರು?"

"ಶಿವ ಏನೂ ಅನ್ನೂದಿಲ್ಲ, ಯಾತ್ರಿಕರು ಅಂತಾರ ಅಂತ ಅಂಜಿಕಿ ಏನು ನಿಮಗ?" ಎಂದೆ. ನನ್ನ ಬಾಯಿ ನಿನಗೆ ಗೊತ್ತೇ ಇದೆ.

ಅಡುಗೆಮನೆಯಿಂದ ಅವ್ವ ಬಂದಳು. ಕೈಯಲ್ಲಿ ಸಣ್ಣ ಹಿತ್ತಾಳೆ ತಟ್ಟೆ. ಅದರಲ್ಲಿ ಒಂದೇ ಬಿಲ್ವದೆಲೆ. ಹಸಿರು ಹೋಗಿ ಒಣಗಿದ್ದರೂ ಮೂರು ದಳವೂ ಕೂಡಿಕೊಂಡೇ ಇದ್ದವು. "ಆಷಾಢದಿಂದ ನಾ ಇದನ್ನ ತೊಳದು ಏರಸಾಕತ್ತೀನಿ" ಎಂದಳು. "ದಿನಾ ಇದೊಂದ. ಶಿವ ಒಲ್ಲೆ ಅಂದಿಲ್ಲ."

ಯಾಕೆ ಎಂದು ಅಪ್ಪ ಕೇಳಲಿಲ್ಲ. ಆ ತಟ್ಟೆಯನ್ನು ನೋಡಿ, ಶಲ್ಯ ಹೆಗಲಿಗೆ ಹಾಕಿ ಹೊರಗೆ ಹೋದರು. ಆ ಮೊಣಕಾಲಿನಲ್ಲೇ ಗಲ್ಲಿಯ ಕನ್ನಡದ ಮನೆಗಳ ಮೆಟ್ಟಿಲನ್ನೆಲ್ಲ ಹತ್ತಿ ಇಳಿದು ಬಂದರಂತೆ. ಸೋಮವಾರ ಬೆಳಿಗ್ಗೆ ನೀನು ನಮ್ಮ ಗಲ್ಲಿಯನ್ನು ನೋಡಬೇಕಿತ್ತು. ಎಲ್ಲ ನಲ್ಲಿಗಳ ಕೆಳಗೆ ಹೆಂಗಸರು ಕೂತು ಎಲೆ ತೊಳೆಯುತ್ತಿದ್ದರು, ಹಾಸನದ ಯಾತ್ರಿಕರೂ ಸೇರಿ. ಪತ್ರೆ ಮಾರಲಾಗದೆ ತಾರಾದೇವಿಗೆ ನಷ್ಟವಾಗಬಾರದೆಂದು ಪ್ರಸಾದಕ್ಕೆ ಮುತ್ತುಗದ ದೊನ್ನೆ ಅವಳಿಂದಲೇ ತರಿಸಿದೆವು. ಅವಳು ಬಾಗಿಲಲ್ಲಿ ಬುಟ್ಟಿ ಇಳಿಸಿ, "ಬಬುವಾ, ಮೂರನೇ ಸಾವನ್ ಏನಾದರೂ ಇದ್ದರೆ ಈಗಲೇ ಹೇಳಿಬಿಡು" ಎಂದಳು. ಅಪ್ಪ ಕೂಡ ನಕ್ಕರು. ತಂತಿ ಬರಲಿಲ್ಲ. ಕಡಿದ ಗಾಯದ ಪಕ್ಕದಲ್ಲೇ ಕೆಂಪು ಚಿಗುರು ಒಡೆದಿದೆ.

ಭಾವನವರಿಗೂ ನಿಮ್ಮ ಅತ್ತೆಯವರಿಗೂ ನನ್ನ ನಮಸ್ಕಾರ ತಿಳಿಸು. ಅವ್ವ ನಿನ್ನ ತಲೆಗೆ ಎಣ್ಣೆ ಹಾಕಿಕೋ ಎಂದಿದ್ದಾಳೆ, ಅಪ್ಪ ಆಶೀರ್ವಾದ ಬರೆ ಎಂದಿದ್ದಾರೆ. ವಿಶ್ವನಾಥ ನಿನ್ನ ಬೆನ್ನಿಗಿರಲಿ. ತಮ್ಮನ ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ,
ಶಿವಮೂರ್ತಯ್ಯ

ತಾಜಾ ಕಲಂ: ಅಕ್ಕಾ, ಅವ್ವ ಯಾಕೆ ಒಂದೇ ಎಲೆ ಏರಿಸುತ್ತಾಳೆ ಎಂದು ನಿನಗೆ ತಿಳಿದಿರಬಹುದು. ಕೂಸು ಹುಟ್ಟಿದ ದಿನವೇ ಹೋಯಿತು ಎಂದು ಭಾವನವರ ಕಾಗದ ಬಂದಂದಿನಿಂದ ಎಳೆಯದನ್ನು ಏನನ್ನೂ ಕೀಳಲು ಅವಳಿಗೆ ಕೈ ಬರುತ್ತಿಲ್ಲ. ಆ ಎಲೆ ಅವಳ ಸ್ವಂತ ಇಷ್ಟಲಿಂಗಕ್ಕೂ ಅಲ್ಲ. ನಿನ್ನ ಕೂಸಿಗೆ ಕಟ್ಟಲೆಂದು ತಂದಿಟ್ಟಿದ್ದ ಲಿಂಗ ಗದಗಿಗೆ ಕಳಿಸುವ ಮೊದಲೇ ಹೀಗಾಯಿತಲ್ಲ, ಆ ಲಿಂಗಕ್ಕೆ. ಪುಟ್ಟ ಬೆಳ್ಳಿಯ ಕರಡಿಗೆಯಿಂದ ಅದನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡುತ್ತಾಳೆ. ಜಗದಾಂಬ ಬರೂತನಕ ಗಂಗಿಗೆ ಬಿಡೂದಿಲ್ಲ ಎನ್ನುತ್ತಾಳೆ. ಕೂಸಿಗೆ ಹೆಸರಿಟ್ಟಿದ್ದಿರಾ? ಇಟ್ಟಿದ್ದರೆ ಒಂದು ಕಾರ್ಡಿನಲ್ಲಿ ಬರೆದು ಕಳಿಸು. ಪೂಜೆ ಮುಗಿದ ಮೇಲೆ ಅವ್ವ ಕೂಸಿನ ಹೆಸರು ಹಿಡಿದು ಕರೆಯಲೆಂದು ಬಾಯಿ ತೆರೆಯುತ್ತಾಳೆ, ಏನೆಂದು ಕರೆಯಬೇಕೋ ತಿಳಿಯದೆ ಸುಮ್ಮನಾಗುತ್ತಾಳೆ.