ನಾಲ್ಕನೇ ಮಹಡಿಯಲ್ಲಿ ನಿಲ್ಲುವ ಲಿಫ್ಟ್

ಅಲೆಕ್ಸಾಂಡ್ರಿಯಾ,
೧೨ ನವೆಂಬರ್ ೧೯೯೩, ಶುಕ್ರವಾರ

ಮುದ್ದಿನ ರಾವ್ಯಾ,

ಹೇಗಿದ್ದೀಯ ಮಗಳೇ? ಕೆಮ್ಮು ನಿಂತಿತೇ? ಕೈರೋದ ಧೂಳಿಗೆ ಸೀಬೆ ಎಲೆಯ ಕಷಾಯವೇ ಮದ್ದು ಎಂದು ನಿನ್ನ ಅಮ್ಮ ಹೇಳುತ್ತಿದ್ದಾಳೆ. ಕುಡಿಯದಿದ್ದರೂ ಕುಡಿದೆ ಎಂದು ಬರೆ.

ನಮ್ಮ ಕಟ್ಟಡದ ಲಿಫ್ಟ್ ಒಂದು ತಿಂಗಳಿಂದ ನಾಲ್ಕನೇ ಮಹಡಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಟ್ರಾಮ್ ಓಡಿಸಿ ಸುಸ್ತಾಗಿ ಬಂದವನು ಆರನೇ ಮಹಡಿಗೆ ಹತ್ತಬೇಕು. ನಿನ್ನ ಎಂಜಿನಿಯರ್ ಮಾವ ಶೌಕಿ ಬಂದು ಎಣ್ಣೆ ಹಾಕಿದ, ಹಗ್ಗ ಬದಲಿಸಿದ. ಅವನು ಇರುವಷ್ಟು ಹೊತ್ತು ಅದು ಮದುಮಗಳ ಹಾಗೆ ಸೌಮ್ಯ, ಅವನು ಹೋದ ಮರುದಿನವೇ ಮುನಿಸು. ಕೊನೆಗೆ ಅವನು, "ಯಂತ್ರದಲ್ಲಿ ದೋಷ ಇಲ್ಲ ಭಾವ, ಇದು ಆ ಕಾವಲುಗಾರ ಇದ್ರೀಸನ ಕಿತಾಪತಿ" ಅಂದ. ಕಟ್ಟಡದವರೆಲ್ಲ ಸೇರಿ ಇದ್ರೀಸನನ್ನು ಕೆಲಸದಿಂದ ತೆಗೆಯುವುದೆಂದು ತೀರ್ಮಾನಿಸಿದರು. ಐದು ಮಕ್ಕಳ ತಂದೆ, ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದ.

ರಜೆಗೆ ಬಂದಾಗ ನೀನು ಸಮಾಜವಿಜ್ಞಾನದ ಮೊದಲ ಪಾಠ ಹೇಳಲು ಹೊರಟಿದ್ದೆ. "ಇದಕ್ಕೂ ವಿಜ್ಞಾನ ಅಂತಾರಾ? ನಿಮ್ಮತ್ತೆ ಬಾಲ್ಕನಿಯಲ್ಲಿ ನಿಂತು ದಿನಾ ಮಾಡೋದೂ ಇದನ್ನೇ ಅಲ್ವಾ?" ಎಂದು ನಾನು ನಕ್ಕಿದ್ದೆ. ಆಗ ನೀನು, "ಏನಾಯ್ತು ಅಂತ ಮಾತ್ರ ಕೇಳ್ಬೇಡಿ ಅಪ್ಪಾ, ಅದ್ರಿಂದ ಯಾರಿಗೆ ಒಳ್ಳೇದು ಅಂತ್ಲೂ ಕೇಳಿ" ಅಂದಿದ್ದೆ. ಇದ್ರೀಸನ ಮುಖ ನೋಡಿದಾಗ ಆ ಮಾತು ನೆನಪಾಯಿತು. ಲಿಫ್ಟ್ ಕೆಟ್ಟರೆ ಅವನಿಗೇನು ಲಾಭ? ನಮ್ಮ ಚೀಲಗಳನ್ನೆಲ್ಲ ಹೊರಬೇಕಾದವನು ಅವನೇ.

ಹಾಗಾಗಿ ಗಮನಿಸತೊಡಗಿದೆ. ಮಂಗಳವಾರ ಲಿಫ್ಟ್ ಕೆಡುವುದಿಲ್ಲ. ಮಂಗಳವಾರವೇ ನಾಲ್ಕನೇ ಮಹಡಿಯ ವಿಧವೆ ಬಹೀಜಾ ಅಜ್ಜಿಯ ಮಗಳು ಮನೆಗೆ ಬರುವುದು. ಬುಧವಾರ ಅಜ್ಜಿಯ ಬಾಗಿಲು ತಟ್ಟಿ, ಪುದೀನ ಚಹಾ ಕುಡಿಯುತ್ತಾ ನೇರವಾಗಿಯೇ ಕೇಳಿಬಿಟ್ಟೆ. ಅಜ್ಜಿ ನಾಚಿಕೊಳ್ಳಲಿಲ್ಲ. ಲಿಫ್ಟಿನ ಬಾಗಿಲ ಸಂದಿಗೆ ಸಿಕ್ಕಿಸುವ ರಟ್ಟಿನ ಚೂರನ್ನು ತೆಗೆದು ತೋರಿಸಿದಳು. ಶೌಕಿಯ ದನಿ ಕೇಳಿದೊಡನೆ ಅದನ್ನು ಕಿತ್ತುಬಿಡುತ್ತಿದ್ದಳಂತೆ.

"ಏನ್ ಮಾಡ್ಲಿ ಸಬ್ರಿ? ಅದು ನೆಟ್ಟಗಿದ್ರೆ ನೀವೆಲ್ಲ ಹಕ್ಕಿಗಳ ಥರ ಮೇಲೇ ಹೋಗ್ಬಿಡ್ತೀರ. ಕೆಟ್ರೆ ನನ್ ಬಾಗ್ಲ ಮುಂದೆ ಏದುಸಿರು ಬಿಡ್ತಾ ನಿಲ್ತೀರ. ಆಗ ನೀರು ಕೊಡ್ಬೋದು, ಸೊಸೆ ಹೆಂಗಿದಾಳೆ ಅಂತ ಕೇಳ್ಬೋದು. ಇದ್ರೀಸನ್ನ ಕೆಲಸದಿಂದ ತೆಗೀತಾರೆ ಅಂತ ನೀನು ಹೇಳೋವರ್ಗೂ ನಂಗೆ ಯಾರಪ್ಪ ಹೇಳಿದ್ರು?"

ಇಷ್ಟು ಹೇಳಿ ಅಜ್ಜಿ ಬಹಳ ಹೊತ್ತು ಅತ್ತಳು. ಗಾಳಿಗೆ ಲಿಫ್ಟಿನ ಬಾಗಿಲು ಸಡಿಲವಾಗುತ್ತಿತ್ತು, ಸರಿಮಾಡಿದೆ ಎಂದು ಎಲ್ಲರಿಗೂ ಹೇಳಿದೆ. ಇದ್ರೀಸ್ ಉಳಿದ. ನಿನ್ನ ಅಮ್ಮನಿಗೆ ಮಾತ್ರ ನಿಜ ಹೇಳಿದೆ. ಈಗ ಅವಳೂ ಐದನೇ ಮಹಡಿಯವರೂ ಸಂಜೆ ನಾಲ್ಕನೇ ಮಹಡಿಯಲ್ಲೇ ಇಳಿದು ಅಜ್ಜಿಯ ಮನೆಯಲ್ಲಿ ಸೇರುತ್ತಾರೆ. ನನ್ನ ಊಟ ಆರಿರುತ್ತದೆ. ಶೌಕಿ ಮಾತ್ರ ಎಲ್ಲವೂ ತನ್ನ ಎಣ್ಣೆಯ ಮಹಿಮೆ ಎನ್ನುತ್ತಾ ಓಡಾಡುತ್ತಿದ್ದಾನೆ.

ಅಲ್ಲಾಹ್ ನಿನ್ನನ್ನು ಚೆನ್ನಾಗಿಡಲಿ. ರೂಮಿನ ಗೆಳತಿಯರಿಗೂ ನನ್ನ ಹಾರೈಕೆ ತಿಳಿಸು.

ನಿನ್ನ ಅಪ್ಪ,
ಸಬ್ರಿ

ತಾ.ಕ.: ಟ್ರಾಮ್ ಹೊರಡುವ ಹೊತ್ತಾಯಿತು. ನಿನ್ನನ್ನು ಅಲ್ಲಿಂದ ಬಿಡಿಸಿ ಇಲ್ಲಿನ ಕಾಮರ್ಸ್ ಕಾಲೇಜಿಗೆ ಸೇರಿಸಲು ಶೌಕಿ ಸೀಟು ಮಾಡಿಸಿದ್ದ. ಬೇಡ ಅಂದೆ. ನೀನು ಅಲ್ಲೇ ಓದು. ಬೇಡ ಅಂದದ್ದು ಅಮ್ಮನಿಗೆ ಇನ್ನೂ ಗೊತ್ತಿಲ್ಲ. ನೀನೇ ಬರೆದು ತಿಳಿಸು, ನನಗೆ ಅಷ್ಟು ಧೈರ್ಯವಿಲ್ಲ.