ಹನ್ನೊಂದನೇ ಸ್ಥಾನದ ಹಾಡು

ಅಕ್ಕಾ,

ನಾವಿಬ್ಬರೂ ಹಾಡಿದ ಆ ಒಂದೇ ಒಂದು ಹಾಡಿನ ಚಿಕ್ಕ ರೆಕಾರ್ಡನ್ನು ಕಂಪನಿಯವರು ನಲವತ್ತು ವರ್ಷದ ಮೇಲೆ ಮತ್ತೆ ಬಿಡುಗಡೆ ಮಾಡುತ್ತಾರಂತೆ. ನಿನ್ನ ಸಹಿ ಬೇಕು, ಕಾಗದ ಇದರ ಜೊತೆಗಿದೆ. ಹರಿದು ಹಾಕುವ ಮುಂಚೆ ಇದನ್ನೋದು.

ಒಂಬತ್ತು ವಾರ ರೇಡಿಯೊಗೆ ಕಿವಿ ಹಚ್ಚಿ ಕೂತಿದ್ದೆವಲ್ಲ, ನೆನಪಿದೆಯಾ? ಕೇಳುಗರು ಬರೆದ ಕಾರ್ಡು ಎಣಿಸಿ ಮೊದಲ ಹತ್ತು ಹಾಡು ಹಾಕುತ್ತಿದ್ದರು. ನಮ್ಮದು ಹನ್ನೊಂದರಲ್ಲಿದೆ ಅಂತ ಕಂಪನಿಯವರು ಪ್ರತಿ ವಾರ ತಿಳಿಸುತ್ತಿದ್ದರು, ಅಲ್ಲಿಂದ ಮೇಲೇಳಲೇ ಇಲ್ಲ. ಅಪ್ಪ ಹೊಲಿಗೆ ಯಂತ್ರದಿಂದ ತಲೆಯೆತ್ತದೆ, "ಕೆಲಸಕ್ಕೆ ಬಾರದ ಹಾಡು, ಬಿಡ್ರೇ" ಅಂದರು. ಅವತ್ತೇ ನೀನು ಹಾಡುವುದನ್ನು ಬಿಟ್ಟೆ, ಅಪ್ಪನ ಜೊತೆ ಮಾತನ್ನೂ ಬಿಟ್ಟೆ.

ಆಗ ಪಟ್ಟಿ ಓದುತ್ತಿದ್ದ ರೇಡಿಯೊ ಮೇಡಂ ಮೊನ್ನೆ ಒಂದು ಹಳೇ ಕಟ್ಟು ಕಳಿಸಿದ್ದಾರೆ. ಎಪ್ಪತ್ತೆರಡು ಕಾರ್ಡು! ಅಂಗಡಿಗೆ ಅಳತೆ ಕೊಡಲು ಬಂದವರ ಕೈಯಲ್ಲೆಲ್ಲ ಅಪ್ಪ ಬರೆಸಿದ್ದಾರೆ. ಎಲ್ಲದರಲ್ಲೂ ಒಂದೇ ಸಾಲು: "ಟೈಲರ್ ಮಕ್ಕಳ ಹಾಡು ಹಾಕಿ." ಹಾಡಿನ ಹೆಸರಿಲ್ಲ ಅಂತ ಒಂದನ್ನೂ ಎಣಿಸಲಿಲ್ಲವಂತೆ. ಹೆಸರನ್ನು ನಾವು ಅವರಿಗೆ ಹೇಳಿಯೇ ಇರಲಿಲ್ಲ, ಅಲ್ವಾ?

ಸಹಿ ಮಾಡಿದ ಕಾಗದವನ್ನು ಅಂಚೆಗೆ ಹಾಕಬೇಡ, ಕೈಯಲ್ಲೇ ತಾ. ಹಾಡಿನ ಹೆಸರು ಅಪ್ಪನಿಗೆ ಇವತ್ತಿಗೂ ಗೊತ್ತಿಲ್ಲ. ಕಿವಿ ಮಂದವಾಗಿದೆ, ಹತ್ತಿರ ಕೂತು ನೀನೇ ಹೇಳು.

ನಿನ್ನ ಎರಡನೇ ದನಿ,
ತಂಗಿ