ಬಿಡಿಬಿಡಿಯಾಗಿ ತಳ್ಳಿಹಾಕಿದ್ದು

12 ಸೆಪ್ಟೆಂಬರ್ 2024, ಗುರುವಾರ

ಎಲೆ ಹಾಕಿದ ಮೇಲೆ ಎದ್ದು ನಿಂತು ಹೇಳಿದೆ: ‘ಶುಭಾಳ ವೈಕುಂಠ ಸಮಾರಾಧನೆಗೆ ನಗರದ ಈ ತುದಿಯ ದಹಿಸರ್ ತನಕ ಬಂದ ನಿಮಗೆಲ್ಲ ಕೃತಜ್ಞತೆ. ಎರಡು ಗಂಟೆ ಗಣಪತಿ ಪೆಂಡಾಲಿನ ಸ್ಪೀಕರ್ ನಿಲ್ಲಿಸಿದ ಹೌಸಿಂಗ್ ಸೊಸೈಟಿಯವರಿಗೂ. ಆದರೆ ಸಾಂತ್ವನ ಬೇಡ. ಹಣೆಬರಹ ಎಂಬ ಮಾತನ್ನು ಈ ಮನೆಯಲ್ಲಿ ಆಡಬೇಡಿ.’

ಬಡಿಸುವವರು ನಿಂತಲ್ಲೇ ನಿಂತರು. ಹೆಂಡತಿ ಪಂಕಜಾಳೇ ‘ಬಡಿಸಿ’ ಎಂದಳು.

ಮಗಳು ಹೋದದ್ದು ಡೆಂಗ್ಯೂನಿಂದ. ಇಪ್ಪತ್ತಾರು ವರ್ಷ. ಅಲ್ಲಗಳೆಯುವುದಿಲ್ಲ. ಆದರೆ ಜ್ವರದಲ್ಲಿ ಆರು ದಿನ ಯೂನಿವರ್ಸಿಟಿ ಲ್ಯಾಬಿಗೆ ಹೋದಳು. ರಜೆ ಕೇಳಿದ್ದಕ್ಕೆ ಪಿಎಚ್.ಡಿ. ಗೈಡ್ ಲ್ಯಾಬಿನ ಚಾಟ್ ಗ್ರೂಪಿನಲ್ಲಿ ಬರೆದದ್ದು: ‘ದಹಿಸರ್ ಮೇಡಮ್‌ಗೆ ಮತ್ತೆ ಜ್ವರವಂತೆ.’ ಕೆಳಗೆ ಹನ್ನೊಂದು ನಗುವ ಇಮೋಜಿ.

20 ಸೆಪ್ಟೆಂಬರ್

ಕುರ್ಲಾದಿಂದ ಸೋನಾಲಿ ಬಂದಿದ್ದಳು. ಶುಭಾಳ ಲ್ಯಾಬಿನವಳು. ಹಿರಿಯರು ಕಲಬುರಗಿ ಕಡೆಯವರು. ಇವಳ ಕನ್ನಡ ತಡವರಿಸುತ್ತದೆ.

‘ಮೀಟಿಂಗ್ ಟೈಮ್ ಚೇಂಜ್ ಆದ್ರ ಎಲ್ಲಾರಿಗೂ ಮೆಸೇಜ್ ಬರ್ತಿತ್ತು ಅಂಕಲ್, ಅಕಿಗೆ ಇಲ್ಲ. ಆಮ್ಯಾಲೆ ಸರ್ ಎಲ್ಲಾರ ಮುಂದ ಕೇಳೋರು, ದಹಿಸರ್ ಲೋಕಲ್ ಟ್ರೇನ್ ಆಜ್ ಭೀ ಲೇಟ್ ಹೈ ಕ್ಯಾ? ಅಕಿ ತಪ್ಪು ರೀಡಿಂಗ್ ಅಕಿ ಕಡಿಂದನೇ ಜೋರಾಗಿ ಓದಸ್ತಿದ್ರು.’

‘ನೀನು?’

‘ನಕ್ಕೀನಿ ಅಂಕಲ್. ನಗಲಿಲ್ಲಂದ್ರ ನೆಕ್ಸ್ಟ್ ನಂಬರ್ ನಂದೇ.’

ಹೊರಡು ಎಂದೆ. ಪಂಕಜಾ ಬಾಗಿಲ ತನಕ ಹೋಗಿ ಅವಳ ಕೈಗೆ ತಿಂಡಿಯ ಡಬ್ಬಿ ಕೊಟ್ಟಳು. ಇಬ್ಬರ ಮೇಲೂ ಸಿಟ್ಟು ಬಂತು.

8 ಅಕ್ಟೋಬರ್

ಯೂನಿವರ್ಸಿಟಿಯ ವಿಚಾರಣಾ ಸಮಿತಿಗೆ ದೂರು ಕೊಟ್ಟೆ. ಜೊತೆಗೆ ಶುಭಾ ನನಗೆ ಕಳಿಸಿದ ಮೆಸೇಜುಗಳ ಪ್ರಿಂಟ್, ಹದಿನೇಳು ಹಾಳೆ.

ಕೌಂಟರಿನವನು: ‘ಡೆಂಗ್ಯೂ ಥಾ ನಾ, ಅಂಕಲ್?’

ಡೆಂಗ್ಯೂ ಸೊಳ್ಳೆಯ ಕೆಲಸ, ಅದರ ಹಿಂದಿನ ಹದಿನೆಂಟು ತಿಂಗಳು ನಿಮ್ಮವರ ಕೆಲಸ ಎಂದೆ. ನನ್ನ ಹಿಂದಿ ಕೆಟ್ಟದ್ದು. ಅವನು ಸೀಲ್ ಒತ್ತಿದ.

21 ನವೆಂಬರ್, ಗುರುವಾರ

ಆರು ವಾರದ ಮೇಲೆ ಕರೆ ಬಂತು. ಮೂವರು. ಅಧ್ಯಕ್ಷೆ ಸೌಮ್ಯವಾಗಿಯೇ ಹೇಳಿದರು: ‘ಒಂದೊಂದಾಗಿ ನೋಡೋಣ ಸರ್. ಮೀಟಿಂಗ್ ತಿಳಿಸಲಿಲ್ಲ... ಮರೆವಿರಬಹುದು. ಲೋಕಲ್ ಎಂದದ್ದು ತಮಾಷೆ. ತಪ್ಪು ಓದಿಸಿದ್ದು ತರಬೇತಿ.’

ಮೈಸೂರಿನ ಕಾಲೇಜಿಗೆ ಮೂರು ವರ್ಷ ಚರ್ಚಾಸ್ಪರ್ಧೆಯ ಶೀಲ್ಡ್ ತಂದವನು ನಾನು, ಆ ವಾದದ ಗುರುತು ಹತ್ತಿತು. ಅದು ನನ್ನದೇ.

ಅಧ್ಯಕ್ಷೆ ಹಾಳೆ ಮಗುಚಿದರು. ‘ಇದರಲ್ಲಿ ನಿಮ್ಮ ರಿಪ್ಲೈಗಳಿಲ್ಲ. ಮಂಗಳವಾರ ಪೂರ್ತಿ ಚಾಟ್ ತನ್ನಿ.’

22 ನವೆಂಬರ್

ರಿಪ್ಲೈಗಳನ್ನು ಕತ್ತರಿಸಿದವನು ನಾನೇ. ಬರೆದಿಡುತ್ತೇನೆ.

ಆಗ ಪುಣೆ ಬ್ರಾಂಚಿನಲ್ಲಿದ್ದೆ. ವಾರಕ್ಕೊಮ್ಮೆ ಮನೆ. ಶುಭಾ ಟ್ರೇನಿನಿಂದ ಬರೆಯುತ್ತಿದ್ದಳು. ಮೀಟಿಂಗ್ ವಿಷಯಕ್ಕೆ ನನ್ನ ಉತ್ತರ: ‘ಒಂದು ಮರೆವಿನಿಂದ ದ್ವೇಷ ಸಿದ್ಧವಾಗದು.’ ಎಲ್ಲರೂ ನಗುತ್ತಾರೆ ಎಂದಾಗ: ‘ನಗು ಅಪರಾಧವಲ್ಲ. ಉತ್ತರ ಕೊಡಲು ಕಲಿ.’ ಅವಳ ಡೇಟಾ ಬೇರೆಯವನ ಪೇಪರಿಗೆ ಹೋದಾಗ ಒಂದೇ ಪದ: ‘ಪುರಾವೆ?’

ಬಿಡಿಬಿಡಿಯಾಗಿ ತಳ್ಳಿಹಾಕಿದೆ. ಹದಿನೇಳು ಹಾಳೆಗಳನ್ನು ಊಟದ ಮೇಜಿನ ಮೇಲೆ ಹರಡಿದಾಗ ಮಾತ್ರ ಕಂಡಿತು... ಅದೇ ಮನುಷ್ಯ, ಅದೇ ಜನರ ಎದುರು, ಪ್ರತಿಸಲವೂ ಅದೇ ಒಬ್ಬಳಿಗೆ. ಕಿರುಕುಳವೆಂದರೆ ಆ ಒಟ್ಟು. ಅವಳು ಒಟ್ಟನ್ನು ಹೇಳುತ್ತಿದ್ದಳು. ನಾನು ಬಿಡಿಯನ್ನು ಪಾಟೀಸವಾಲು ಮಾಡುತ್ತಿದ್ದೆ.

ಆಗಸ್ಟ್ 22. ‘ಅಪ್ಪಾ, ಜ್ವರ. ಅಮ್ಮ ಬೇಡ ಅಂತಾಳೆ. ಹೋಗ್ಲಾ?’

‘ಹೋಗು. ದುರ್ಬಲೆ ಎನ್ನಲು ಅವರಿಗೆ ಅವಕಾಶ ಕೊಡಬೇಡ.’

ಮಗಳು ಹಠ ಮಾಡಿ ಹೋದಳೆಂದೇ ಪಂಕಜಾ ಇವತ್ತಿಗೂ ನಂಬಿದ್ದಾಳೆ.

24 ನವೆಂಬರ್, ಭಾನುವಾರ

ಪಂಕಜಾಳ ತಮ್ಮ ಶ್ರೀರಾಮ್ ಬಂದ. ವಕೀಲ. ಅವನಿಗೊಬ್ಬನಿಗೆ ಪೂರ್ತಿ ಚಾಟ್ ತೋರಿಸಿದೆ.

‘ಫೋನ್ ಕೆಟ್ಟುಹೋಯ್ತು ಅಂದ್ಬಿಡಿ ಭಾವ. ಅಪ್ಪನೇ ಹೋಗು ಅಂದಿದ್ದು ಅವರ ಕೈಗೆ ಸಿಕ್ಕರೆ ಆ ಗೈಡ್ ಪಾರಾದ ಹಾಗೆ. ಅಕ್ಕನಿಗೂ ಗೊತ್ತಾಗತ್ತೆ.’

ಅಷ್ಟರಲ್ಲಿ ಅವಳು ಕಾಫಿ ತಂದಳು. ‘ಏನು ಗೊತ್ತಾಗತ್ತೆ?’

‘ಏನಿಲ್ಲ ಅಕ್ಕ. ಲೀಗಲ್ ಪಾಯಿಂಟ್.’

ಅವಳು ನನ್ನನ್ನು ನೋಡಿದಳು. ನಾನು ಲೋಟ ನೋಡಿದೆ.

25 ನವೆಂಬರ್, ಸಂಜೆ 5

ಎದುರಾಳಿಯ ಮಾತನ್ನು ಅರ್ಧ ಉಲ್ಲೇಖಿಸುವವರನ್ನು ವೇದಿಕೆಯ ಮೇಲೇ ಹಿಡಿಯುತ್ತಿದ್ದೆ. ಮಗಳ ಮಾತನ್ನು ನಾನು ಅರ್ಧ ಉಲ್ಲೇಖಿಸಿದೆ.

ನಾಳೆ ಪೂರ್ತಿ ಕೊಡುತ್ತೇನೆ. ಯಾರನ್ನೂ ಕೇಳಿಲ್ಲ. ನನ್ನ ಉತ್ತರಗಳನ್ನು ನಾನೇ ಎದ್ದು ನಿಂತು ಓದುತ್ತೇನೆ. ಅಪ್ಪನಿಗೂ ಇದು ತಮಾಷೆಯಾಗಿ ಕಂಡಿತ್ತಲ್ಲ ಎನ್ನುತ್ತಾರೆ. ಹೌದು, ಕಂಡಿತ್ತು. ನಾನೂ ನಗುವ ಇಮೋಜಿ ಹಾಕಿದ ಆ ಹನ್ನೊಂದು ಜನರ ಸಾಲಿನವನೇ. ಅದರಿಂದ ಆ ಮನುಷ್ಯ ನಿರಪರಾಧಿಯಾಗುವುದಿಲ್ಲ. ಅವಳು ಎಷ್ಟು ಒಂಟಿಯಾಗಿದ್ದಳು ಎಂಬುದಷ್ಟೇ ತಿಳಿಯುತ್ತದೆ. ಸೋಲುವುದಾದರೆ ಪೂರ್ತಿ ಹೇಳಿ ಸೋಲುತ್ತೇನೆ.

ಆದರೆ ಸಮಿತಿಗೆ ಮೊದಲು ಪಂಕಜಾ. ಕರೆದಿದ್ದೇನೆ. ಕೈ ಒರೆಸಿಕೊಂಡು ಬಂದು ಎದುರು ಕೂತಿದ್ದಾಳೆ.

‘ಬರೆಯೋದು ಬಿಟ್ಟು ಅದೇನು ಹೇಳಿ’ ಅನ್ನುತ್ತಿದ್ದಾಳೆ.

ಆಗಸ್ಟ್ 22ರಿಂದಲೇ ಶುರು ಮಾಡುತ್ತೇನೆ —